‘ಇತರೆ’ ಕಟ್ಟಿನಲ್ಲಿದ್ದ ಚೀಟಿ

ಕೋವಿಡ್ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷ ನಾನು ಹೊಸನಗರ ಸೀಮೆಯಲ್ಲಿ ಆರೋಗ್ಯ ಶಿಕ್ಷಣಾಧಿಕಾರಿ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಹದಿಹರೆಯದ ಹುಡುಗಿಯರು ಬಸಿರಾಗುವುದನ್ನು ತಡೆಯುವ ನಮ್ಮ ಕಾರ್ಯಕ್ರಮ ಭಾಷಣ, ಭಿತ್ತಿಪತ್ರಗಳಲ್ಲೇ ಮುಗಿಯುತ್ತಿತ್ತು. ಹುಡುಗಿಯರ ಮನಸ್ಸಿನಲ್ಲಿ ಏನಿದೆ ಎಂದು ಮೊದಲು ತಿಳಿಯೋಣ, ಅದರಂತೆ ಪಾಠ ಬದಲಿಸೋಣ ಎಂದು ನಾನೇ ಒಂದು ಸಂಶೋಧನೆಯ ಯೋಜನೆ ಹಾಕಿದೆ.

ಪ್ರೌಢಶಾಲೆಗಳಲ್ಲಿ ಬೀಗ ಹಾಕಿದ ಪ್ರಶ್ನೆ ಪೆಟ್ಟಿಗೆ ಇಟ್ಟೆವು. ಹೆಸರು ಬರೆಯದೆ ಚೀಟಿ ಹಾಕಬಹುದು. ಉತ್ತರ ಮುಂದಿನ ತಿಂಗಳು ತರಗತಿಯಲ್ಲಿ. ಬಂದ ಚೀಟಿಗಳನ್ನು ಮುಟ್ಟು, ಆಹಾರ, ರಕ್ತಹೀನತೆ, ಪ್ರೀತಿ ಎಂದು ವಿಂಗಡಿಸುತ್ತಿದ್ದೆ. ಸಂಶೋಧನೆಯಲ್ಲಿ ಇದಕ್ಕೆ ಕೋಡಿಂಗ್ ಎನ್ನುತ್ತಾರೆ. ಯಾವುದಕ್ಕೂ ಸೇರದವು ‘ಇತರೆ’. ಅವಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಬೀರುವಿಗೆ ತಳ್ಳಿದೆ. ವರದಿಯನ್ನು ಮೇಲಿನವರು ಹೊಗಳಿದರು, ನಾನೂ ಉಬ್ಬಿದೆ.

ಮರುವರ್ಷ ನಿಟ್ಟೂರು ಕಡೆಯ ಹುಡುಗಿಯೊಬ್ಬಳು, ಸುಜಾತಾ ಎನ್ನೋಣ, ಅತ್ತೆಯ ಜೊತೆ ಆಸ್ಪತ್ರೆಗೆ ಬಂದಳು. ವಯಸ್ಸು ಹದಿನಾರು. ಐದು ತಿಂಗಳ ಬಸಿರು, ಮೈಯಲ್ಲಿ ರಕ್ತವೇ ಇಲ್ಲ. ಅತ್ತೆಯನ್ನು ಹೊರಗೆ ಕೂರಿಸಿ ಹುಡುಗಿಯನ್ನು ಗದರಿದೆ: “ಶಾಲೇಲಿ ಅಷ್ಟೆಲ್ಲ ಹೇಳಿದ್ವಲ್ಲ, ನಮ್ಮನ್ನ ಒಂದು ಮಾತು ಕೇಳ್ಬಾರ್ದಿತ್ತೇನೆ?”

“ಕೇಳಿದ್ದೆ ಮೇಡಂ. ಪೆಟ್ಟಿಗೇಲಿ ಹಾಕಿದ್ದೆ. ಮುಂದಿನ ತಿಂಗ್ಳು ಹೇಳ್ತೀರಿ ಅಂತ ಕಾದೆ. ನೀವು ಸೊಪ್ಪು ತಿನ್ನಿ ಅಂದು ಹೋದ್ರಿ.”

ಬೀರು ತೆರೆದು ಕಟ್ಟು ಬಿಚ್ಚಿದೆ. ನೋಟ್‌ಬುಕ್ಕಿನಿಂದ ಹರಿದ ಹಾಳೆ: “ಪರೀಕ್ಷೆ ಮುಗಿದ ಕೂಡಲೆ ನನ್ನ ಮದುವೆ. ಬೇಡ ಅಂತ ಅಪ್ಪನಿಗೆ ಯಾರು ಹೇಳುತ್ತಾರೆ?” ಮೂಲೆಯಲ್ಲಿ ನನ್ನದೇ ಅಕ್ಷರ, ಇತರೆ. ಅಂದೇ ಆ ಶಾಲೆಗೆ ಹೋಗಿ ವಿಚಾರಿಸಿ, ಮಕ್ಕಳ ಸಹಾಯವಾಣಿಗೆ ಒಂದು ಫೋನ್ ಮಾಡಿದ್ದರೆ ಆ ಮದುವೆ ನಿಲ್ಲುತ್ತಿತ್ತೇನೋ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕಾನೂನಿನಂತೆ ಪೊಲೀಸರಿಗೆ ತಿಳಿಸಿದೆ. ಗಂಡನ ಮೇಲೆ ಕೇಸಾಯಿತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ! ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು ಉಳಿಯಲಿಲ್ಲ. ಸುಜಾತಾ ಶಾಲೆಗೆ ಮರಳಲೂ ಇಲ್ಲ.

ಆಮೇಲೆ ‘ಮದುವೆ’ ಎಂಬ ವಿಭಾಗ ಸೇರಿಸಿದೆ. ವಾರಕ್ಕೊಮ್ಮೆ ಪೆಟ್ಟಿಗೆ ತೆರೆಸಿ, ಚೀಟಿಗಳನ್ನು ಅಂದೇ ಓದುತ್ತಿದ್ದೆ. ಎಣಿಸುವ ಮೊದಲು ಓದಬೇಕು, ಓದಿದ ಮೇಲೆ ಎದ್ದು ಹೋಗಬೇಕು. ಮೂವತ್ತು ವರ್ಷದ ನೌಕರಿ ಕಲಿಸಿದ್ದು ಇಷ್ಟೇ, ಅದೂ ಒಂದು ಹುಡುಗಿಯ ಬದುಕನ್ನು ತೆತ್ತು.

ಆ ವರ್ಷವಿಡೀ ‘ಮದುವೆ’ ವಿಭಾಗಕ್ಕೆ ಒಂದೂ ಚೀಟಿ ಬರಲಿಲ್ಲ. ಉತ್ತರ ಸಿಗದ ಸುಜಾತಾಳ ಚೀಟಿಯ ಕಥೆ ಅವಳ ಗೆಳತಿಯರ ಬಾಯಿಂದ ಎಲ್ಲ ಶಾಲೆಗಳಿಗೂ ಹರಡಿತ್ತು. ಪರಿಶೀಲನಾ ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಆ ಸೊನ್ನೆ ನೋಡಿ ಸಂತೋಷಪಟ್ಟರು: “ಪರವಾಗಿಲ್ಲಮ್ಮ, ನಿಮ್ಮ ಕಡೆ ಆ ಸಮಸ್ಯೆ ನಿಂತೇಹೋಯ್ತಲ್ಲ!”

“ಹುಡುಗೀರು ನಮ್ಮನ್ನ ಕೇಳೋದು ಬಿಟ್ಟಿದ್ದಾರೆ ಸಾರ್” ಎಂದೆ.