ತುಗ್ಗಲಿ ಕಡ್ಡಿಯ ಬಟ್ಟಲು ಅಣಬೆ

ಹಿರಿಯೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ಅನುಸೂಯ ಮೇಡಂಗೆ ಆ ಬೇಸಿಗೆಯಿಡೀ ಯಾರನ್ನು ಕಂಡರೂ ಸಿಡಿಮಿಡಿ. ಕಾರಣ ಕೇಳಿದವರು ನಗುತ್ತಿದ್ದರು. ರಾಗಿ ಕಾಳಿಗಿಂತ ಸಣ್ಣದೊಂದು ಅಣಬೆ! ಬಟ್ಟಲಿನ ಆಕಾರ, ಮೇಣದ ಹೊಳಪು, ತೆಳು ಕಿತ್ತಳೆ ಬಣ್ಣ. ಬೇರೆಯವರು ಇಟ್ಟ ಹೆಸರುಗಳನ್ನೇ ಮಕ್ಕಳಿಗೆ ಉರು ಹೊಡೆಸುತ್ತ ತಲೆ ನೆರೆಸಿಕೊಂಡ ಹೆಂಗಸು ಅವರು. ಈ ಒಂದರ ಹೆಸರನ್ನಾದರೂ ತಾನೇ ಹೇಳಬೇಕೆಂಬ ಹಟ ಹಿಡಿದಿತ್ತು. ಜೂನ್ ಮುಗಿದರೆ ನಿವೃತ್ತಿ, ಆಮೇಲೆ ಕಾಲೇಜಿನ ಸೂಕ್ಷ್ಮದರ್ಶಕ ಮುಟ್ಟುವಂತಿಲ್ಲ.

ಅದು ಸಿಕ್ಕಿದ್ದು ಯಲ್ಲದಕೆರೆ ಹತ್ತಿರ, ಚಿಕ್ಕತಿಮ್ಮಪ್ಪನ ಕುರಿ ರೊಪ್ಪದಲ್ಲಿ. ಮುಳ್ಳುಕೊಂಬೆ ಒಟ್ಟಿ ಕುರಿ ಕೂಡುವ ಜಾಗ ಅದು. ಹಳೆಯ ಬೇಲಿಯ ಮೇಲೇ ಹೊಸ ಮುಳ್ಳು ಹೊಚ್ಚುತ್ತ ಹೋಗುವುದರಿಂದ ಅಡಿಯಲ್ಲಿ ಕೊಳೆತದ್ದು ಜಾಲಿಯೋ ಕಾರೆಯೋ ದೇವರಿಗೇ ಗೊತ್ತು. ವಿದ್ಯಾರ್ಥಿಗಳನ್ನು ಗಿಡ ನೋಡಲು ಕರೆದೊಯ್ದಿದ್ದಾಗ, ಅವರೆಲ್ಲ ನೆರಳು ಹುಡುಕಿ ಕುಳಿತರೆ ಮೇಡಂ ಚಪ್ಪಲಿ ಬಿಟ್ಟು ರೊಪ್ಪದೊಳಗೆ ಹೋಗಿ ಬೇಲಿ ಕೆದಕುತ್ತಿದ್ದರು. ತೊಗಟೆ ಉದುರಿದ ಒಂದು ಕಡ್ಡಿಯ ತುಂಬ ಆ ಬಟ್ಟಲುಗಳು. ಸಂತೋಷದಲ್ಲಿ ಚಿಕ್ಕತಿಮ್ಮಪ್ಪನನ್ನು ಕೂಗಿ ಕರೆದು ತೋರಿಸಿದರು.

ತೋರಿಸಿದ್ದೇ ತಡ, ಕಡ್ಡಿಯನ್ನು ಕೊಳೆಯದಂತೆ ಕಾಪಿಡುವ ಫಾರ್ಮಲಿನ್ ಬಾಟಲಿಗೆ ಅದ್ದಿಬಿಟ್ಟರು. ಸಸ್ಯಶಾಸ್ತ್ರದ ಮೇಷ್ಟರುಗಳಿಗೆ ಇದೊಂದು ಚಟ. ಚೆಂದದ್ದು ಕಣ್ಣಿಗೆ ಬಿದ್ದರೆ ಮೊದಲು ಅದನ್ನು ಬಾಟಲಿಗಿಳಿಸಬೇಕು, ಯೋಚನೆ ಆಮೇಲೆ.

ಪುಣೆಯಲ್ಲಿ ಇಂಥ ಅಣಬೆಗಳನ್ನೇ ಅಭ್ಯಾಸ ಮಾಡುವ ಒಬ್ಬರಿಗೆ ಫೋಟೊ ಕಳಿಸಿದಾಗ ಬಂದ ಉತ್ತರ ಓದಿ ಮೇಡಂ ಹಣೆ ಚಚ್ಚಿಕೊಂಡರು. ಈ ಗುಂಪಿನವು ಒಣಕಡ್ಡಿಯ ಮೇಲೆ ತಿಂಗಳುಗಟ್ಟಲೆ ಸತ್ತಂತೆ ಬಿದ್ದಿದ್ದು, ನೀರು ಸೋಕಿದರೆ ಮತ್ತೆ ಜೀವ ತಾಳುತ್ತವೆ. ಜಾತಿ ಗುರುತಿಸುವುದು ಜೀವಂತ ಕೋಶದೊಳಗಿನ ಸಣ್ಣ ಹನಿಗಳಿಂದ. ಫಾರ್ಮಲಿನ್ ಬಿತ್ತೋ, ಹನಿಗಳು ಮಾಯ. ಜೊತೆಗೆ ಯಾವ ಮರದ ಕಡ್ಡಿ ಎಂಬುದೂ ಬೇಕಂತೆ. ಬಹುಶಃ ಇದು ಇನ್ನೂ ಹೆಸರಿಲ್ಲದ್ದೇ ಇರಬಹುದು ಎಂಬ ಮಾತನ್ನೂ ಸೇರಿಸಿದ್ದರು. ಅದು ಇನ್ನಷ್ಟು ಉರಿಸಿತು.

ಕೂಡಲೇ ಹೋಗೋಣವೆಂದರೆ ಪರೀಕ್ಷೆಯ ಕೆಲಸ, ಭಾನುವಾರದವರೆಗೆ ರಜೆ ಇಲ್ಲ. ಚಿಕ್ಕತಿಮ್ಮಪ್ಪನಿಗೆ ಫೋನ್ ಮಾಡಿದರು. "ನೋಡಪ್ಪ, ಅವತ್ತು ತೋರಿಸಿದ್ನಲ್ಲ, ಸಣ್ಣ ಸಣ್ಣ ಚುಕ್ಕಿ ಇರೋ ಕಡ್ಡಿ, ಅವನ್ನ ಎತ್ತಿಟ್ಟಿರು. ಅದು ಯಾವ ಮರದ್ದು ಅಂತಾನೂ ನೋಡು. ಭಾನುವಾರ ಬರ್ತೀನಿ."

"ಆಗ್ಲಿ ಬರ್ರಿ ಮೇಡಮ್ಮಾರೆ, ಅದೇನ್ ಮಹಾ!"

ಗಂಡ ಲಕ್ಷ್ಮೀಕಾಂತ್ ಪೇಪರಿನಿಂದ ತಲೆಯೆತ್ತಿ, "ಇನ್ನೂ ಆ ಬೂಷ್ಟಿನ ಧ್ಯಾನಾನೇ?" ಎಂದದ್ದಕ್ಕೆ ಅವತ್ತು ಮನೆಯಲ್ಲಿ ಸಾರಿಗೆ ಉಪ್ಪೇ ಬೀಳಲಿಲ್ಲ.

ಭಾನುವಾರ ಮೊದಲ ಬಸ್ಸಿಗೇ ಹೊರಟರು. ಚಿಕ್ಕತಿಮ್ಮಪ್ಪ ಕಂಬಳಿ ಹಾಸಿ ಕೂರಿಸಿದ. ಅವನ ಹೆಂಡತಿ ಉಚ್ಚಂಗೆಮ್ಮ ಒಳಗಿಂದ ಒಂದು ಕಟ್ಟು ಕಡ್ಡಿ ತಂದು ಮುಂದಿಟ್ಟಳು. ಮೇಲೊಂದು ಎಲೆಯಿರುವ ಹಸಿ ಕೊಂಬೆ.

"ತುಗ್ಗಲಿ ಮರದ್ದು ಕಣ್ರಿ," ಅಂದ ಚಿಕ್ಕತಿಮ್ಮಪ್ಪ. "ಚುಕ್ಕಿ ಇದ್ದಿದ್ದೆಲ್ಲಾ ಇದ್ರ ಮ್ಯಾಲೇನೇ. ಕಾರೆ ಮ್ಯಾಲೆ ಒಂದೂ ಇರ್ಲಿಲ್ಲ."

ಮೇಡಂ ಕಡ್ಡಿ ಕೈಗೆತ್ತಿಕೊಂಡರು. ಬೆಳ್ಳಗೆ, ನುಣ್ಣಗೆ ಹೊಳೆಯಿತು. ಭೂತಗನ್ನಡಿ ಹಿಡಿದು ತಿರುಗಿಸಿದರು. ಇನ್ನೊಂದು, ಮತ್ತೊಂದು. ಒಂದರ ಮೇಲೂ ಒಂದು ಚುಕ್ಕಿ ಇರಲಿಲ್ಲ.

"ಬೂದಿ ಹಾಕಿ ನಾರಿನಾಗೆ ತಿಕ್ಕಿದೆ ನೋಡ್ರಿ," ಅಂದಳು ಉಚ್ಚಂಗೆಮ್ಮ. "ಕಾಲೇಜಿಗೆ ಹೋಗೋ ಸಾಮಾನು, ಗಂಜಲ ಬೂಷ್ಟು ಹಂಗೇ ಇಟ್ಟು ಕೊಡಾಕಾಗ್ತೈತಾ? ನಾಲ್ಕು ಜನ ಏನಂದಾರು?"

"ಉಳಿದ ಕಡ್ಡಿ?"

"ಪುಡಿಪುಡಿ ಆಗಿದ್ವು, ಒಲಿಗಾಕಿದ್ವಿ," ಅಂದ ಚಿಕ್ಕತಿಮ್ಮಪ್ಪ. "ಹೆಂಗೂ ಬೇಲಿ ಬಿಚ್ಚಿದ್ವಲ್ಲ, ಅಡಿಯಿಂದ ಹೊಸ ಮುಳ್ಳೇ ಹಾಕ್ಬಿಟ್ಟೆ."

ಮೇಡಂ ಎದ್ದು ಹೋಗಿ ಬೇಲಿಯ ಸುತ್ತ ಒಂದು ಸುತ್ತು ಬಂದರು. ಎಲ್ಲ ಹೊಸ ಜಾಲಿ. ಕಿರುಚಬೇಕೆನಿಸಿತು. ಸಿಕ್ಕಿದ್ದನ್ನು ಸಿಕ್ಕ ಹಾಗೇ ಎತ್ತಿಡಬೇಕು ಎಂದು ಮಕ್ಕಳಿಗೆ ಪಾಠ ಮಾಡುವ ತಾನು ಈ ದಂಪತಿಗೆ 'ತೊಳೆಯಬೇಡಿ' ಎಂಬ ಒಂದು ಮಾತು ಹೇಳಲಿಲ್ಲವಲ್ಲ! ತನ್ನ ಮೇಲೇ ಅಸಾಧ್ಯ ಸಿಟ್ಟು ಬಂತು.

"ಯಾಕ್ರಿ, ಸರಿ ಇಲ್ವೇನ್ರಿ?" ಉಚ್ಚಂಗೆಮ್ಮನ ದನಿ ಇಳಿದಿತ್ತು. ಅವಳ ಎರಡೂ ಅಂಗೈಗಳಲ್ಲಿ ಮುಳ್ಳು ಗೀರಿದ ಗಾಯಗಳು ಇನ್ನೂ ಹಸಿಯಾಗಿದ್ದವು.

"ಚೆನ್ನಾಗೈತಮ್ಮ. ಇದೇ ಬೇಕಾಗಿತ್ತು," ಅಂದರು ಮೇಡಂ. ಕಟ್ಟನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದರು, ದಾರಿಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತ.

ಜೂನ್ ಕೊನೆಯ ದಿನ, ಅವರ ಜಾಗಕ್ಕೆ ಬಂದಿದ್ದ ಕಾವ್ಯಳಿಗೆ ಬೀರುವಿನ ಕೀಲಿ ಒಪ್ಪಿಸಿದರು. ಹುಡುಗಿ ಫಾರ್ಮಲಿನ್ ಬಾಟಲಿಯನ್ನು ಬೆಳಕಿಗೆ ಹಿಡಿದು, "ಇದು ಯಾವ ಜಾತಿ ಮೇಡಂ?" ಎಂದಳು.

"ತುಗ್ಗಲಿ ಮರದ ಕಡ್ಡಿ," ಅಂದರು ಅನುಸೂಯ. "ಅಷ್ಟು ಗೊತ್ತಾಗಿದೆ."