ಕಲ್ಲಿಟ್ಟ ಸೌದೆ

ಚಿಂತಾಮಣಿಯ ಒಂದು ಛತ್ರದ ಹಿಂಭಾಗಕ್ಕೆ ಕೈ ತೊಳೆಯಲು ಹೋದಾಗ ಅಡುಗೆಯವರು ಒಲೆಗೆ ಜಾಲಿ ಸೌದೆ ತುರುಕುತ್ತಿದ್ದರು. ಸೌದೆ ಪೂರ್ತಿ ಒಣಗಿರಲಿಲ್ಲ. ತುದಿಯಲ್ಲಿ ನೊರೆ ಉಕ್ಕಿ, ಒಂಥರಾ ಹುಳಿ ಹೊಗೆ ಏಳುತ್ತಿತ್ತು. ನಮ್ಮ ಸಂಬಂಧಿಕರ ಮದುವೆ. ಒಳಗೆ ಪಂಕ್ತಿ ಕೂರಿಸುತ್ತಿದ್ದರು. ನಾನು ನಲ್ಲಿ ತೆರೆದಿಟ್ಟುಕೊಂಡು ನಿಂತುಬಿಟ್ಟೆ. ನಮ್ಮೂರಿನ ಎದುರುಮನೆ ಅತ್ತೆಯ ಸೆರಗಿಗೆ ಇದೇ ವಾಸನೆ ಇರುತ್ತಿತ್ತು... ಇರುತ್ತಿತ್ತೇ? ಹೊಗೆ ಕಂಡ ಮೇಲೆ ನಾನೇ ಅದನ್ನು ಅವರ ಸೆರಗಿಗೆ ಅಂಟಿಸಿದೆನೋ ಏನೋ. ನೆನಪು ಇಂಥ ಉಪಕಾರಗಳನ್ನು ಕೇಳದೆಯೇ ಮಾಡುತ್ತದೆ. ಆದರೆ ಕೆರೆಯಲ್ಲಿ ನಡೆದದ್ದು ಮಾತ್ರ ನಾನು ಅಂಟಿಸಿದ್ದಲ್ಲ.

ಅತ್ತೆ ಎಂದರೆ ರಕ್ತಸಂಬಂಧವಲ್ಲ. ಬೀದಿಯ ಆಚೆ ಬದಿಯವರು, ಹಾಗೆ ಕರೆದು ರೂಢಿ. ಗಂಡ ತೀರಿಕೊಂಡ ಮೇಲೆ ಒಂದಿಷ್ಟು ಹಿಪ್ಪುನೇರಳೆ ತೋಟ ನೋಡಿಕೊಂಡು ಗಟ್ಟಿಯಾಗಿದ್ದವರು. ನಮ್ಮೂರು ಚಿಂತಾಮಣಿಯಿಂದ ಕೈವಾರಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕಿದೆ. ಕೆರೆ ಬತ್ತಿ ಆಗಲೇ ವರ್ಷಗಳಾಗಿದ್ದವು, ಅಂಗಳದ ತುಂಬ ಜಾಲಿ ಬೆಳೆದಿತ್ತು. ಕೆರೆ ಯಾರದೂ ಅಲ್ಲ, ಆದ್ದರಿಂದ ಜಾಲಿ ಎಲ್ಲರದು. ಮನೆಮನೆಗೆ ಗ್ಯಾಸ್ ಬಂದಿದ್ದರೂ ಸ್ನಾನದ ಹಂಡೆಗೆ ಸೌದೆಯೇ ಬೇಕಿತ್ತು.

ಜಾಲಿ ಕಡಿಯುವುದಕ್ಕಿಂತ ಎಳೆಯುವುದು ಕಷ್ಟ. ಹೆಗಲ ಮೇಲೆ ಹಾಕಿಕೊಂಡು ನಡೆದರೆ ಮುಳ್ಳು ಬೆನ್ನಿಗೆ ಬಡಿಯುತ್ತದೆ. ಅದಕ್ಕೇ ಹೆಂಗಸರು ಕೊಂಬೆಯ ಬುಡ ಹಿಡಿದು, ಅದರ ಕಡೆಗೇ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಎಳೆಯುತ್ತಿದ್ದರು. ಒಂದು ಕಡೆ ಗುಡ್ಡೆ ಹಾಕಿ, ಮುಳ್ಳು ಸವರಿ, ಹೊರುವಷ್ಟು ಹಗುರಾಗಲಿ ಎಂದು ಒಣಗಲು ಬಿಡುತ್ತಿದ್ದರು. ಬಿಟ್ಟು ಹೋಗುವಾಗ ಗುಡ್ಡೆಯ ಮೇಲೊಂದು ಕಲ್ಲು. ಕಲ್ಲಿಟ್ಟರೆ ಮುಗಿಯಿತು, ತಿಂಗಳು ಕಳೆದರೂ ಅದರಿಂದ ಬೇರೆ ಯಾರೂ ಒಂದು ಪುಳ್ಳೆ ಎಳೆಯುವಂತಿಲ್ಲ. ಹೊಲದ ಬದುವಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರ ಹೆಂಡತಿಯರು ಕೂಡ ಒಬ್ಬರ ಕಲ್ಲನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ.

ಆ ಬೇಸಿಗೆ ಅತ್ತೆ ಎಲ್ಲರಿಗಿಂತ ಹೆಚ್ಚು ಕಡಿಯುತ್ತಿದ್ದರು. ತೊಂಡೇಬಾವಿ ಕಡೆಗೆ ಕೊಟ್ಟಿದ್ದ ಮಗಳು ತುಂಬು ಬಸುರಿ. ಬಾಣಂತಿಗೆ ದಿನವೂ ಹಂಡೆಗಟ್ಟಲೆ ಬಿಸಿನೀರು ಕಾಯಬೇಕು. "ಇವತ್ತೋ ನಾಳೆಯೋ ಹೋಗಿ ಕರ್ಕೊಂಡ್ ಬರ್ತೀನಿ" ಎಂದು ಬೀದಿಗೆಲ್ಲ ಹೇಳಿಟ್ಟಿದ್ದರು. ಹಾಗಾಗಿ ಒಂದು ಬೆಳಿಗ್ಗೆ ಬಾಗಿಲಿಗೆ ಬೀಗ ಕಂಡಾಗ ಎಲ್ಲರೂ ಮಗಳ ಊರಿಗೆ ಹೋದರೆಂದುಕೊಂಡೆವು. ಅಲ್ಲಿ ಮಗಳು ಫೋನ್ ಮಾಡುತ್ತಲೇ ಇದ್ದಳು. ಅಮ್ಮ ಫೋನನ್ನು ಮನೆಯಲ್ಲೇ ಬಿಟ್ಟು ತೋಟಕ್ಕೆ ಹೋಗುವುದು ಅವಳಿಗೆ ಹೊಸದಲ್ಲ. ಬೀಗ ಹಾಕಿದ ಮನೆಯೊಳಗೆ ಅದು ಬಡಿದುಕೊಳ್ಳುತ್ತಿತ್ತು ಎಂದು ನಮ್ಮಮ್ಮ ಆಮೇಲೆ ಹೇಳಿದರು. ನನಗೆ ಆಗ ಕೇಳಿಸಿದ ನೆನಪಿಲ್ಲ. ಈಗ ಕೇಳಿಸುತ್ತದೆ.

ಕೆರೆಯಂಗಳದಲ್ಲಿ ಜೆಸಿಬಿಯಿಂದ ಮಣ್ಣು ತೆಗೆದ ಆಳದ ಗುಂಡಿಗಳಿದ್ದವು. ಅಂಥದೊಂದರ ಅಂಚಿಗೇ ಅತ್ತೆ ಗುಡ್ಡೆ ಹಾಕಿದ್ದರು. ಅಂದಿನ ಕೆಲಸ ಮುಗಿಸಿ, ಕಲ್ಲಿಟ್ಟು, ಹೊರಡುವ ಮುಂಚೆ ಅತ್ತ ಬಿದ್ದಿದ್ದ ಇನ್ನೊಂದು ಕೊಂಬೆಯನ್ನೂ ತಂದುಬಿಡೋಣ ಎಂದು ಎಳೆದಿದ್ದಾರೆ. ಹಿಂದೆ ಹಿಂದೆ ನಡೆಯುತ್ತಾ ಗುಡ್ಡೆಯ ಬದಿಯಿಂದ ಹಾದು ಅದರ ಹಿಂದಿನ ಗುಂಡಿಗೆ ಬಿದ್ದಿದ್ದಾರೆ. ಕೈಯಲ್ಲಿದ್ದ ಕೊಂಬೆ ಹಿಂದೆಯೇ ಬಂದು ಗುಂಡಿಯ ಬಾಯಿಗೆ ಮುಚ್ಚಿಕೊಂಡಿದೆ. ತೊಡೆಯ ಮೂಳೆ ಮುರಿದಿತ್ತು. ಆಚೆಗೆಲ್ಲ ಜಾಲಿ ಹೆಣೆದುಕೊಂಡಿತ್ತು. ಈಚೆಯಿಂದ ನೋಡಿದವರಿಗೆ ಕಾಣುತ್ತಿದ್ದುದು ಒಂದು ಸೌದೆ ಗುಡ್ಡೆ, ಅದರ ಮೇಲೊಂದು ಕಲ್ಲು. ಅಷ್ಟೇ.

ಎರಡು ದಿನ ಎನ್ನುವವರಿದ್ದಾರೆ, ಮೂರು ಎನ್ನುವವರಿದ್ದಾರೆ. ಅತ್ತೆಯನ್ನು ಕೇಳಿದರೆ ಒಂದೊಂದು ಸಲ ಒಂದೊಂದು ಹೇಳುತ್ತಿದ್ದರು. ಅಷ್ಟೂ ಹೊತ್ತು ನಮ್ಮ ಬೀದಿಯ ಹೆಂಗಸರು ಸೌದೆಗೆ ಅಲ್ಲಿಗೆ ಬಂದು ಹೋಗಿದ್ದಾರೆ. ಅದೇ ಗುಡ್ಡೆಯ ನೆರಳಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡಿದ್ದಾರೆ. ಹಿಂದೂಪುರದ ಕಡೆಯಿಂದ ಹೊಸದಾಗಿ ಬಂದಿದ್ದ, ಮನೆಯಲ್ಲಿ ತೆಲುಗು ಮಾತಾಡುತ್ತಿದ್ದ ಸೊಸೆಯೊಬ್ಬಳು ಅದರಿಂದ ಒಂದು ಕೋಲು ಎಳೆಯಲು ಕೈ ಹಾಕಿದಳಂತೆ.

"ಏಯ್, ಮುಟ್ಟಬ್ಯಾಡ! ಕಲ್ಲು ಕಾಣಲ್ವೇನೇ?" ಎಂದು ಅವಳ ಓರಗಿತ್ತಿ ಗದರಿದಳು.

"ಯಾಕೆ ಅಕ್ಕಾ, ಕಲ್ಲಿಲ್ದೆ ಇದ್ರೆ ಸೌದೆ ಎದ್ದು ಓಡೋಗ್ತದಾ?"

"ಸೌದೆ ಓಡಲ್ಲ ಕಣಮ್ಮ, ಆಯಮ್ಮ ಬಂದ್ರೆ ನೀನು ಓಡ್ಬೇಕಾಗ್ತದೆ. ಮಗಳ ಮನೇಲಿ ಮುದ್ದೆ ನುಂಗ್ತಾ ಕೂತವ್ಳೆ, ಬರ್ಲಿ ತಡಿ!"

ಎಲ್ಲರೂ ನಕ್ಕರು.

ಈ ಮಾತುಕತೆಯನ್ನು ನನಗೆ ಆ ಹೆಂಗಸರು ಹೇಳಲಿಲ್ಲ. ಹೇಳಿದವರು ಅತ್ತೆ. ಗುಂಡಿಯೊಳಗಿಂದ ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದರು. ಕೂಗಿ ಕೂಗಿ ಅಷ್ಟರಲ್ಲಿ ಗಂಟಲು ಹೋಗಿತ್ತು. ಮಣ್ಣಿನ ಹೆಂಟೆ ಎಸೆದರೆ ಮುಳ್ಳುಕೊಂಬೆಗೆ ಬಡಿದು ಅವರ ಮುಖದ ಮೇಲೇ ಬೀಳುತ್ತಿತ್ತು. ಆ ಸದ್ದು ಮೇಲಿನವರಿಗೂ ಕೇಳಿಸಿದೆ. "ಉಡ ಇರ್ಬೇಕು ಕಣೇ," ಅಂದಳಂತೆ ಒಬ್ಬಳು. ನೋಡಬೇಕೆಂದರೆ ಗುಡ್ಡೆ ಸರಿಸಬೇಕಿತ್ತು. ಗುಡ್ಡೆಯ ಮೇಲೆ ಕಲ್ಲಿತ್ತು...

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವವರಿಗೆ ಸೌದೆ ಸಾಗಿಸುವ ಟೆಂಪೊ ಒಂದು ಕೆರೆಗೆ ಇಳಿಯಿತು. ಅದರಲ್ಲಿದ್ದವರು ಬೇರೆ ಊರಿನವರು, ಅವರಿಗೆ ಕಲ್ಲೆಂದರೆ ಬರೀ ಕಲ್ಲು. ನಾನು ಕೆರೆ ಏರಿಯ ಮೇಲೆ ಬಸ್ಸಿಗೆ ಕಾಯುತ್ತಿದ್ದೆ. ಕೆಳಗೆ ದೂರದಲ್ಲಿದ್ದ ಹೆಂಗಸರು "ಕಲ್ಲಿಟ್ಟಿದ್ದ ಸೌದೆ ತುಂಬ್ಕೊಂಡ್ ಹೋಗ್ತಾವ್ರೆ, ಹಿಡ್ಕೊಳ್ರೋ!" ಎಂದು ಕೂಗಿಕೊಂಡರು. ಟೆಂಪೊ ಏರಿಯ ಮೇಲಕ್ಕೆ ಬರುವಷ್ಟರಲ್ಲಿ ಗಂಡಸರು ಅಡ್ಡ ನಿಂತಿದ್ದರು. ನಮ್ಮ ಚಿಕ್ಕಪ್ಪ ಡ್ರೈವರನ್ನು ಕೆಳಕ್ಕೆಳೆದು ಕೆನ್ನೆಗೆ ಹೊಡೆದರು.

"ಹೆಂಗಸಿನ ಸೌದೆ ಕದೀತೀಯೇನೋ, ನಾಚಿಕೆ ಆಗಲ್ವಾ?"

"ಹೊಡೀಬ್ಯಾಡಣ್ಣಾ, ದಾರಿ ಬಿಡಿ, ಆಸ್ಪತ್ರೆಗೆ ಹೋಗ್ಬೇಕು..."

"ಹೋಗುವಂತೆ, ಇನ್ನೂ ನಾಕು ತಿಂದ್ಕೊಂಡು ಹೋಗು."

"ಹಿಂದೆ ನೋಡಣ್ಣಾ! ನಿನ್ ದಮ್ಮಯ್ಯ, ಮೊದ್ಲು ಹಿಂದೆ ನೋಡು!"

ಇನ್ನೂ ಒಂದೆರಡು ಏಟು ಬಿದ್ದವು. ಆಮೇಲೆ ಯಾರೋ ಹಿಂದಿನ ಚಕ್ರ ಹತ್ತಿ ನೋಡಿದರು. ನಾನೂ ನೋಡಿದೆ. ಸೌದೆಯ ಮೇಲೆ ಗೋಣಿಚೀಲ ಹಾಸಿ ಅತ್ತೆಯನ್ನು ಮಲಗಿಸಿದ್ದರು. ಟೆಂಪೊದ ಹುಡುಗನೊಬ್ಬ ತನ್ನ ಅಂಗಿ ಬಿಚ್ಚಿ ಅವರ ಮುಖಕ್ಕೆ ನೆರಳು ಹಿಡಿದಿದ್ದ. ತುಟಿ ಕಪ್ಪಾಗಿ ಒಡೆದಿತ್ತು. ಹೆಣ ಎಂದುಕೊಂಡೆ. ಹೆಣ ನನ್ನನ್ನು ನೋಡಿ ಕಣ್ಣು ಮಿಟುಕಿಸಿತು. ಚಿಕ್ಕಪ್ಪನ ಕೈ ಇನ್ನೂ ಡ್ರೈವರನ ಕಾಲರಿನಲ್ಲೇ ಇತ್ತು.

ಆ ಬಿಸಿಲು, ಆ ಕೈ, ಆ ಕಣ್ಣು ಮೂರೂ ಒಟ್ಟಿಗೇ ಇದ್ದವೇ, ಅಥವಾ ವರ್ಷಗಳು ಕಳೆದಂತೆ ನಾನೇ ಒಂದರ ಪಕ್ಕ ಒಂದು ಜೋಡಿಸಿದೆನೋ ಹೇಳಲಾರೆ. ಆದರೆ ಬಿಡಿಬಿಡಿಯಾಗಿ ಒಂದೊಂದೂ ನಿಜ. ಯಾರಾದರೂ ಒಬ್ಬರು ಕದಿಯುವವರು ನಮ್ಮ ಬೀದಿಯಲ್ಲೇ ಇದ್ದಿದ್ದರೆ ಅತ್ತೆ ಮೊದಲ ದಿನವೇ ಮೇಲೆ ಬರುತ್ತಿದ್ದರು.

ಅತ್ತೆ ಬದುಕಿದರು. ಕಾಲು ಕುಂಟಾಯಿತು, ಬಾಣಂತನ ಅಲ್ಲೇ ತೊಂಡೇಬಾವಿಯಲ್ಲಿ ಇವರಿಲ್ಲದೆಯೇ ಆಯಿತು. ಓಡಾಡುವಂತಾದ ಮೇಲೆ ಅವರು ಹೊಸ ಕೆಲಸ ಹಿಡಿದರು. ಕೋಲೂರಿಕೊಂಡು ಕೆರೆಗೆ ಇಳಿದು, ಕಂಡ ಕಂಡ ಗುಡ್ಡೆಯ ಮೇಲಿನ ಕಲ್ಲು ತೆಗೆದು ಬಿಸಾಡಿ, ಸೌದೆ ಕೆದರಿ ಹಿಂದೆ ಇಣುಕುತ್ತಿದ್ದರು. ಜಗಳಗಳಾದವು. ತಲೆ ಕೆಟ್ಟಿದೆ ಎಂದರು ಕೆಲವರು, ಕಳ್ಳತನ ಕಲಿತಳು ಎಂದರು ಕೆಲವರು.

"ಅಕ್ಕಾ, ಅದು ನನ್ ಗುಡ್ಡೆ!"

"ನೀನೇ ಇಟ್ಕೊಂಡು ಪೂಜೆ ಮಾಡ್ಕೊಳ್ಳೇ. ಹಿಂದೆ ಯಾರಾದ್ರೂ ಬಿದ್ದವ್ರಾ ಅಂತ ನೋಡ್ತಾ ಇದ್ದೀನಿ."

ಊರು ಈ ಕಥೆಯನ್ನು ಬೇಗ ತನಗೆ ಬೇಕಾದಂತೆ ತಿದ್ದಿಕೊಂಡಿತು. ಚಿಕ್ಕಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮೂರೋರು ಎಂಥೋರು ಅಂದ್ರೆ, ಅಷ್ಟು ದಿನ ಆಯಮ್ಮನ ಸೌದೆ ಅಲ್ಲೇ ಬಿದ್ದಿದ್ರೂ ಒಬ್ರೂ ಮುಟ್ಟಲಿಲ್ಲ..." ಇಷ್ಟು ಹೇಳುವಷ್ಟರಲ್ಲಿ ಬೀದಿಯ ಆಚೆಯಿಂದ, ತಮ್ಮ ಜಗಲಿಯ ಮೇಲಿಂದಲೇ, ಅತ್ತೆ ಒಡಕು ಗಂಟಲಲ್ಲಿ ಬಾಯಿ ಹಾಕುತ್ತಿದ್ದರು. "ಮುಟ್ಟಲಿಲ್ಲ, ದಿಟ ಕಣಪ್ಪ. ಇಣುಕಲೂ ಇಲ್ಲ ಅನ್ನೋದನ್ನೂ ಹೇಳು!" ಬಂದವರು ಕಾಫಿ ಲೋಟ ನೋಡುತ್ತಿದ್ದರು. ಆ ಮಾತು ಒಂದು ಸಲವೂ ಅಲ್ಲಿಂದ ಮುಂದಕ್ಕೆ ಹೋದದ್ದನ್ನು ನಾನು ಕೇಳಿರಲಿಲ್ಲ.

ಕಳೆದ ವರ್ಷ ಅತ್ತೆ ಜ್ವರದಲ್ಲಿ ಹೋದರು. ಮಗಳು, ಮೊಮ್ಮಗಳು ಪಕ್ಕದಲ್ಲಿದ್ದರಂತೆ.

ಕೈ ಒರೆಸಿಕೊಂಡು ಪಂಕ್ತಿಗೆ ಬಂದು ಕೂತೆ. ನನ್ನ ಎದುರು ಸಾಲಿನಲ್ಲಿ ಚಿಕ್ಕಪ್ಪ, ಅವರ ಪಕ್ಕ ಗಂಡಿನ ಕಡೆಯ ಹಿರಿಯರು. ಊರುಗಳ ಮಾತು ಬಂದಿತ್ತು. ಚಿಕ್ಕಪ್ಪ ಅದೇ ಕಥೆ ಶುರುಮಾಡಿದ್ದರು. "...ಆಯಮ್ಮನ ಸೌದೆ ಅಲ್ಲೇ ಬಿದ್ದಿದ್ರೂ ಒಬ್ರೂ ಮುಟ್ಟಲಿಲ್ಲ," ಎಂದವರು ಅಲ್ಲಿ ತಡೆದರು. ತಲೆ ಸ್ವಲ್ಪ ಪಕ್ಕಕ್ಕೆ ತಿರುಗಿಸಿದರು. ಕಾಯುತ್ತಿದ್ದಾರೆ ಎಂದು ಅವರಿಗೇ ಗೊತ್ತಿರಲಾರದು.

ಯಾರೂ ಬಾಯಿ ಹಾಕಲಿಲ್ಲ.

"ಎಂಥಾ ಊರಪ್ಪ ನಿಮ್ದು!" ಎಂದು ಹಿರಿಯರು ತಲೆದೂಗಿದರು. ಚಿಕ್ಕಪ್ಪ ಮಾತು ಮುಂದುವರಿಸಿದರು.