ನೀಲಿ ಉಳಿದ ಹಾಲು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳಿದ್ದರು. ನೀಲಿಯಾಗಿ ಉಳಿದದ್ದೇ ಹಾಲು ಎಂದು ಹೇಳಲು ಧಾರವಾಡದಿಂದ ಒಬ್ಬ ಪರೀಕ್ಷಕರು ಬರಬೇಕಾಯಿತು.

ಆಗ ನಾವು ದಾಂಡೇಲಿಯ ಕಾರ್ಮಿಕರ ಕಾಲೊನಿಯಲ್ಲಿದ್ದೆವು. ಮಗಳಿಗೆ ವರ್ಷ ತುಂಬಿರಲಿಲ್ಲ. ನನ್ನ ಎದೆಹಾಲು ಬತ್ತಿ, ಅವಳ ಜೀವವೆಲ್ಲ ಮೇಲಿನ ಹಾಲಿನ ಮೇಲೆ ನಿಂತಿತ್ತು. ಓಣಿಯ ಮಕ್ಕಳಿಗೆ ವಾಂತಿಭೇದಿ ಹತ್ತಿದಾಗ ಕಾಲೊನಿಯ ಸಂಘದ ಅಧ್ಯಕ್ಷರು ಈ ಮಹಾನುಭಾವರನ್ನು ಕರೆಸಿದರು. ಹಾಲಿನಲ್ಲಿ ಕ್ರಿಮಿ ಎಷ್ಟಿದೆ ಎಂದು ಹೇಳಲು ಇವರಿಗೆ ದಿನಗಟ್ಟಲೆ ಬೇಡವಂತೆ. ಗಾಜಿನ ನಳಿಕೆಯಲ್ಲಿ ಹಾಲು, ಅದಕ್ಕಿಷ್ಟು ನೀಲಿ ಔಷಧ, ಬೆಚ್ಚನೆಯ ನೀರಿನಲ್ಲಿ ನಿಲ್ಲಿಸಿದರಾಯಿತು. ಕ್ರಿಮಿ ಹೆಚ್ಚಿದ್ದರೆ ನೀಲಿ ಬೇಗ ಮಾಯ, ಕಡಿಮೆ ಇದ್ದರೆ ತಾಸುಗಟ್ಟಲೆ ಉಳಿಯುತ್ತದೆ.

ಕಾಡಿನಿಂದ ಹೊತ್ತು ತರುತ್ತಿದ್ದ ಗೌಳಿ ಅಕ್ಕನ ಹಾಲು ಮಧ್ಯಾಹ್ನಕ್ಕೆ ಬೆಳ್ಳಗಾಯಿತು. ಕಾಲೊನಿಗೆ ಹಾಲು ಹಾಕುತ್ತಿದ್ದ ಗುತ್ತಿಗೆದಾರನ ಕ್ಯಾನಿನ ಹಾಲು ಸಂಜೆಯಾದರೂ ನೀಲಿಯೇ. ಅಧ್ಯಕ್ಷರು ಅಕ್ಕನನ್ನು ಗೇಟಿನಾಚೆ ಹಾಕಿದರು. ಗುತ್ತಿಗೆದಾರನಿಗೆ ಶಾಲು ಹೊದಿಸುವುದೊಂದು ಬಾಕಿ ಇತ್ತು.

ಆ ಉತ್ತಮ ಹಾಲಿಗೆ ಹೆಪ್ಪು ಹಾಕಿದೆ, ಮೊಸರಾಗಲಿಲ್ಲ. ಬೇರೆ ಮನೆಯ ಹೆಪ್ಪು ತಂದು ಹಾಕಿದರೂ ಅಷ್ಟೇ. ಮಗಳು ಕುಡಿದದ್ದನ್ನೆಲ್ಲ ಕಾರುತ್ತಿದ್ದಳು. ಒಂದಿಷ್ಟು ಹಾಲನ್ನು ಕಾಯಿಸದೆ ತಂಬಿಗೆಯಲ್ಲಿ ಮುಚ್ಚಿಟ್ಟೆ. ಮೂರನೆಯ ದಿನಕ್ಕೂ ಅದು ಒಡೆಯಲಿಲ್ಲ, ನಾರಲಿಲ್ಲ. ಒಂದೋ ಅದು ಅಮೃತವಿರಬೇಕು, ಇಲ್ಲವೇ ಹೆಣ ಕೆಡದಂತೆ ಹಾಕುವ ಮದ್ದು ಅದರಲ್ಲಿ ಬಿದ್ದಿರಬೇಕು.

ತಂಬಿಗೆ ಹಿಡಿದು, ಸಂಘದ ಆಫೀಸಿನಲ್ಲಿ ಮೇಜು ಹಾಕಿಕೊಂಡಿದ್ದ ಪರೀಕ್ಷಕರ ಬಳಿ ಹೋದೆ. ಯಾವಾಗಿನ ಹಾಲೆಂದು ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಸಂಜೆ ಮತ್ತೆ ಹೋದಾಗ ನಳಿಕೆಯನ್ನು ಬೆಳಕಿಗೆ ಹಿಡಿದು, "ಭಾಳ ಚಲೋ ಹಾಲು ಐತ್ರಿ ಬಾಯಾರ. ಕೂಸಿಗೆ ಇದನ್ನ ಕುಡಸ್ರಿ," ಎಂದರು.

ತಂಬಿಗೆಯಲ್ಲಿ ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿ ಅವರ ಮುಂದಿಟ್ಟೆ. "ಇದು ಮೂರು ದಿನದ ಹಸೀ ಹಾಲ್ರಿ ಸಾಹೇಬ್ರ. ಚಲೋ ಇದ್ರ ಮೊದಲ ನೀವು ಕುಡೀರಿ."

ಅವರು ನಳಿಕೆ ನೋಡಿದರು, ಲೋಟ ನೋಡಿದರು. ತಮಗೆ ಹಾಲು ಆಗಿಬರುವುದಿಲ್ಲ ಎಂದರು. ನನ್ನ ಕೂಸು ಆ ಮಾತನ್ನು ಮೊದಲೇ ಹೇಳಿತ್ತು, ಪಾಪ, ಅದರ ಹತ್ತಿರ ನೀಲಿ ಔಷಧ ಇರಲಿಲ್ಲ.

ಮರುದಿನ ಮೇಜಿನಿಂದ ನೀಲಿ ಬಾಟಲಿ ಮಾಯವಾಯಿತು. ಗುತ್ತಿಗೆದಾರ ಮಾತ್ರ ಮಾಯವಾಗಲಿಲ್ಲ. ನಾನು ತಂಬಿಗೆ ತೊಳೆದುಕೊಂಡು ಗೇಟಿನಾಚೆ ಹೋದೆ. ಅಂದಿನಿಂದ ಗೌಳಿ ಅಕ್ಕನ ಹಾಲನ್ನೇ ಕಾಯಿಸಿ ಕುಡಿಸಿದೆ, ಮಗಳ ಹೊಟ್ಟೆಯಲ್ಲಿ ನಿಂತಿತು.

ಹಾಗೆ ಗೇಟಿನಾಚೆ ಹೋದ ಮೊದಲ ದಿನ ಅಕ್ಕನ ಹತ್ತಿರ ನನಗಿಂತ ಮುಂದೆ ಅಧ್ಯಕ್ಷರ ಹೆಂಡತಿ ನಿಂತಿದ್ದರು. ಇವರಿಗೂ ಇವತ್ತೇ ಬುದ್ಧಿ ಬಂತಲ್ಲ ಎಂದುಕೊಂಡೆ. ಅಕ್ಕ ಅವರ ತಂಬಿಗೆಗೆ ಹಾಲು ಹೊಯ್ಯುತ್ತ ನನಗೆ ಹೇಳಿದಳು: "ನನ್ನ ಹೊರಗ ಹಾಕಿದ ದಿನದಿಂದ ಇವ್ರು ಇಲ್ಲೇ ಬರ್ತಾರ್ರಿ."